ಮೂವರು ಹೆಂಗಸರನ್ನು ಒಬ್ಬಳೆಂದು ಬರೆದ ತೆರಿಗೆ ವಿಭಾಗದ ಮುಖ್ಯಸ್ಥರಿಗೆ

ದಾರ್ಸೈಟ್, ಮಸ್ಕತ್
ಏಪ್ರಿಲ್ ೨೦೧೯

ಜಗತ್ತಿನ ಸಂತೆಯನ್ನೆಲ್ಲ ಒಂದು ಪರದೆಯೊಳಗೆ ಕಟ್ಟಿಕೊಂಡಿರುವ ಕಂಪನಿಯ ಮಾರಾಟ ತೆರಿಗೆ ವಿಭಾಗದ ಮುಖ್ಯಸ್ಥರೇ,

ರೂಢಿಯಂತೆ ‘ಮಾನ್ಯರೇ’ ಎಂದು ಆರಂಭಿಸಬೇಕಿತ್ತು. ಕೈ ಬರುತ್ತಿಲ್ಲ. ಪತ್ರ ಓದಿ ಮುಗಿಸಿದ ಮೇಲೆ ಆ ಮಾತಿಗೆ ತಕ್ಕವರೆಂದು ನಿಮಗೇ ಅನ್ನಿಸಿದರೆ ಮೇಲೆ ಸೇರಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ದೂರು ಇಷ್ಟು. ನಿಮ್ಮ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಸ್ಕತ್ತಿನ ದಾರ್ಸೈಟಿನಿಂದ ಮೂವರು ಹೆಂಗಸರು ಮೂರು ಪುಟ್ಟ ಅಂಗಡಿ ನಡೆಸುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ನಿಮ್ಮ ವಿಭಾಗ ಆ ಮೂವರೂ ಒಬ್ಬಳೇ ಎಂದು ಕಂಡುಹಿಡಿಯಿತು. ಅಮೆರಿಕದ ಒಂದು ರಾಜ್ಯದ ಮಾರಾಟ ತೆರಿಗೆಯಿಂದ ತಪ್ಪಿಸಿಕೊಳ್ಳಲು ಅವಳು ಮೂರು ಹೆಸರು ಇಟ್ಟುಕೊಂಡಿದ್ದಾಳೆ ಎಂದಿತು. ಮೂರು ಅಂಗಡಿಗೂ ಬೀಗ ಹಾಕಿತು. ಕೊನೆಗೆ ಮೂವರಲ್ಲಿ ಸೌದ ಎಂಬ ಒಬ್ಬಳ ಪಾಸ್‌ಪೋರ್ಟ್ ನಂಬರಿನ ಎದುರು ‘ತೆರಿಗೆ ವಂಚನೆ’ ಎಂದು ಬರೆದು ಕಡತ ಮುಚ್ಚಿತು. ಸೌದ ತನ್ನ ಜೀವಮಾನದಲ್ಲಿ ಬಸ್ಸಿನ ಅರ್ಧ ಟಿಕೆಟನ್ನೂ ಸುಳ್ಳು ಹೇಳಿ ತೆಗೆದವಳಲ್ಲ. ಆ ಬರಹವನ್ನು ನೀವು ಅಳಿಸಬೇಕು ಎಂದು ಕೇಳಲು ಈ ಪತ್ರ.

ಕನ್ನಡದಲ್ಲಿ ಬರೆದಿದ್ದೇಕೆ ಎಂದು ಕೇಳುತ್ತೀರೇನೋ. ಇಂಗ್ಲಿಷಿನಲ್ಲಿ ಒಂಬತ್ತು ಸಲ ಬರೆದು ನೋಡಿದೆ. ಪ್ರತಿ ಸಲವೂ ಒಂದೆರಡು ನಿಮಿಷದೊಳಗೆ ಉತ್ತರ ಬಂತು. ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ’ ಎಂದು ಒಂಬತ್ತು ಸಲವೂ ಮೊದಲ ಸಾಲು ಒಂದೇ. ಎರಡು ನಿಮಿಷದಲ್ಲಿ ನನ್ನ ಬೇಸರ ನನ್ನ ಹೆಂಡತಿಗೇ ಅರ್ಥವಾಗುವುದಿಲ್ಲ, ನಿಮಗೆ ಹೇಗಾಯಿತು? ಹಾಗಾಗಿ ಈ ಸಲ ಬಹಿರಂಗ ಪತ್ರ ಬರೆದು ಊರಿನವರ ಎದುರಿಗೇ ಮಾತಾಡೋಣ ಎಂದುಕೊಂಡೆ. ನಿಮಗೆ ಭಾಷಾಂತರ ಮಾಡುವ ಯಂತ್ರ ಉಂಟಲ್ಲ, ಅದಕ್ಕೂ ಸ್ವಲ್ಪ ಕೆಲಸ ಸಿಗಲಿ.

ನಾನು ಆ ಮೂವರಲ್ಲಿ ಒಬ್ಬಳಾದ ಮೋಹಿನಿಯ ಗಂಡ. ಹೆಸರು ಕೊರಗಪ್ಪ, ಊರು ಬಂಟ್ವಾಳದ ಹತ್ತಿರ. ರುಸೈಲಿನಲ್ಲಿ ಪೈಪ್ ಮಾಡುವ ಫ್ಯಾಕ್ಟರಿಯೊಂದರ ರೂವಿ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುವವನು. ಬಿ.ಕಾಂ. ಆಗಿದೆ. ಇನ್‌ಕಮ್ ಟ್ಯಾಕ್ಸ್ ಪೇಪರನ್ನು ಎರಡು ಸಲ ಕಟ್ಟಿ ಪಾಸ್ ಮಾಡಿದ್ದು. ತೆರಿಗೆಗೂ ಇವನಿಗೂ ಹಳೆಯ ದ್ವೇಷ ಎಂದು ನೀವು ನಗಬಹುದು, ನಗಿ.

ಈಗ ನೀವು ಒಬ್ಬಳೆಂದು ಬರೆದ ಮೂವರ ಪರಿಚಯ ಮಾಡಿಸುತ್ತೇನೆ. ನನ್ನ ಮೋಹಿನಿ ಮನೆದೇವರ ಮಂಟಪದಲ್ಲಿಡುವ ಸಣ್ಣ ಕೃಷ್ಣನ ವಿಗ್ರಹಕ್ಕೆ ಅಂಗಿ, ಮುಂಡಾಸು ಹೊಲಿಯುತ್ತಾಳೆ. ಇಲ್ಲಿಯ ಕೃಷ್ಣ ದೇವಸ್ಥಾನಕ್ಕೆ ಬರುವ ಗುಜರಾತಿ ಹೆಂಗಸೊಬ್ಬರು ಕಲಿಸಿದ ಕೆಲಸ. ಪಕ್ಕದ ಫ್ಲ್ಯಾಟಿನ ಸೌದ ಉಪ್ಪಿನಂಗಡಿಯವಳು, ನಮ್ಮ ಫ್ಯಾಕ್ಟರಿಯ ಸ್ಟೋರ್‌ಕೀಪರ್ ಉಮ್ಮರನ ಹೆಂಡತಿ. ಅವಳು ದಾರದಲ್ಲಿ ನಮಾಜಿನ ಟೊಪ್ಪಿ ಹೆಣೆಯುತ್ತಾಳೆ. ಕೆಳಗಿನ ಮಹಡಿಯ ನೀರಜಾ ಮೈಸೂರಿನವರು, ನಮ್ಮ ಫ್ಯಾಕ್ಟರಿಯ ಎಂಜಿನಿಯರ್ ಕಿಶೋರ್ ಅವರ ಪತ್ನಿ. ಅವರದು ಮಣಿ ಪೋಣಿಸಿದ ಬಾಗಿಲ ತೋರಣ. ನಿಮ್ಮ ಯಂತ್ರದ ಪ್ರಕಾರ ಒಬ್ಬಳೇ ಹೆಂಗಸು ಬೆಳಿಗ್ಗೆ ಕೃಷ್ಣನಿಗೆ ಅಂಗಿ ಹೊಲಿದು, ಮಧ್ಯಾಹ್ನ ನಮಾಜಿನ ಟೊಪ್ಪಿ ಹೆಣೆದು, ಸಂಜೆ ತೋರಣ ಕಟ್ಟುತ್ತಾಳೆ. ಅಂಥವಳು ನಿಜವಾಗಿ ಇದ್ದಿದ್ದರೆ ಅವಳನ್ನು ಕಂಪನಿಯಿಂದ ಹೊರಗೆ ಹಾಕುವುದಲ್ಲ ಸ್ವಾಮಿ, ನಮ್ಮ ಜಿಲ್ಲೆಗೆ ಕರೆಸಿ ಶಾಂತಿ ಸಭೆಯಲ್ಲಿ ಕೂರಿಸುತ್ತಿದ್ದೆವು. ನಾವು ಇಷ್ಟು ವರ್ಷ ಒಟ್ಟಿಗೆ ಇದ್ದೂ ಮಾಡಲಾಗದ ಸೌಹಾರ್ದವನ್ನು ನೀವು ಒಂದು ಗುಂಡಿ ಒತ್ತಿ ಮಾಡಿಬಿಟ್ಟಿರಿ!

ಅಂದಹಾಗೆ ನಿಮ್ಮ ಪಟ್ಟಿಯಲ್ಲಿ ದೇವರಿಗೆ ಜಾಗವಿಲ್ಲ. ಮೋಹಿನಿ ಅಂಗಡಿ ತೆರೆಯುವಾಗ ಅದು ಯಾವ ಬಗೆಯ ಸರಕು ಎಂದು ಕೇಳಿದಿರಿ. ತೆರಿಗೆಯ ದರಕ್ಕೆ ಬೇಕು ಎಂದಿರಿ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ‘ಬೊಂಬೆಯ ಉಡುಪು’. ಅದನ್ನು ಒತ್ತುವ ಮೊದಲು ಅವಳು ಮಂಟಪದ ಕಡೆ ತಿರುಗಿ ಕೆನ್ನೆಗೆ ಹೊಡೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಷ್ಟು ಹೆದರಿಕೊಂಡು ನಿಮ್ಮ ಫಾರ್ಮ್ ತುಂಬುವವರು ನಿಮಗೆ ಮೋಸ ಮಾಡಲು ಹೊರಟವರೇ?

ತೆರಿಗೆಯ ವಿಷಯಕ್ಕೆ ಬರೋಣ. ಓದುವವರಿಗೆ ಗೊತ್ತಿರಲಿ, ಅಮೆರಿಕದಲ್ಲಿ ಮಾರಾಟ ತೆರಿಗೆ ಒಂದೊಂದು ರಾಜ್ಯಕ್ಕೂ ಬೇರೆ. ಕಳೆದ ವರ್ಷದಿಂದ ಹಲವು ರಾಜ್ಯಗಳು ಹೊರಗೆ ಕೂತು ತಮ್ಮ ಜನರಿಗೆ ಮಾರುವವರಿಗೂ ಒಂದು ಗೆರೆ ಎಳೆದಿವೆ. ವರ್ಷಕ್ಕೆ ಲಕ್ಷ ಡಾಲರಿನ ಸರಕು ಮಾರಿದರೆ, ಇಲ್ಲವೇ ಇನ್ನೂರು ಸಲ ಮಾರಿದರೆ, ಅಲ್ಲಿ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಇನ್ನೂರು ಟ್ರ್ಯಾಕ್ಟರ್ ಮಾರಿದವನಿಗೂ ಇನ್ನೂರು ಟೊಪ್ಪಿ ಮಾರಿದವಳಿಗೂ ಒಂದೇ ಗೆರೆ. ಇರಲಿ, ಅದು ಆ ರಾಜ್ಯದ ಕಾನೂನು, ಅದರ ಜೊತೆ ನನಗೆ ಜಗಳವಿಲ್ಲ. ನಮ್ಮ ಮೂವರಲ್ಲಿ ಯಾರೂ ಆ ಗೆರೆಯ ಹತ್ತಿರಕ್ಕೂ ಹೋಗಿರಲಿಲ್ಲ. ಮೋಹಿನಿಯದು ಆ ರಾಜ್ಯಕ್ಕೆ ಹೋದದ್ದು ತೊಂಬತ್ತಾರು ಪೊಟ್ಟಣ, ಸೌದಳದ್ದು ಎಪ್ಪತ್ತೊಂದು, ನೀರಜಾ ಅವರದು ಮೂವತ್ತೆಂಟು. ನೀವು ಮೂರನ್ನೂ ಕೂಡಿಸಿದಿರಿ. ಇನ್ನೂರೈದಾಯಿತು. ಕೂಡಿಸುವ ಲೆಕ್ಕದಲ್ಲಿ ತಪ್ಪಿಲ್ಲ, ನಾನೂ ಮಾಡಿ ನೋಡಿದೆ. ಆದರೆ ಯಾರ್ಯಾರನ್ನು ಕೂಡಿಸಬಹುದು ಎಂಬುದನ್ನು ನಿಮಗೆ ಶಾಲೆಯಲ್ಲಿ ಕಲಿಸಲಿಲ್ಲವೇ?

ಇನ್ನೊಂದು ಮಾತು. ಸುಲಭವಾದ ಕೆಲವು ರಾಜ್ಯಗಳಲ್ಲಿ ತೆರಿಗೆಯನ್ನು ನೀವೇ ಗಿರಾಕಿಯಿಂದ ಹಿಡಿದುಕೊಂಡು ಕಟ್ಟುತ್ತೀರಿ. ಅಲ್ಲಿ ಅಂಗಡಿ ನಿಮ್ಮದು, ಗಿರಾಕಿ ನಿಮ್ಮವರು, ಗಲ್ಲಾಪೆಟ್ಟಿಗೆ ನಿಮ್ಮದು. ತೊಡಕಿನ ರಾಜ್ಯ ಬಂದ ಕೂಡಲೇ ‘ನಾವು ಬರೀ ಜಾಗ ಕೊಟ್ಟವರು, ತೆರಿಗೆ ಮಾರುವವರ ಹೊಣೆ’ ಎನ್ನುತ್ತೀರಿ. ಕಮಿಷನ್ ತೆಗೆಯುವಾಗ ಮಾತ್ರ ಎಲ್ಲ ರಾಜ್ಯವೂ ನಿಮಗೆ ಒಂದೇ. ಹಾಲು ಕರೆಯುವಾಗ ಎಮ್ಮೆ ನಿಮ್ಮದು, ಸಗಣಿ ಬಾಚುವಾಗ ನಮ್ಮದು. ಆ ರಾಜ್ಯದಲ್ಲೂ ಗಿರಾಕಿಯ ಹಣ ಮೊದಲು ನಿಮ್ಮ ಕೈಗೇ ಬರುವುದಲ್ಲವೇ? ಅಲ್ಲೇ ತೆರಿಗೆ ಹಿಡಿದುಕೊಂಡು ಕಟ್ಟಿದ್ದರೆ ನಮ್ಮ ಹೆಂಗಸರಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಿರಿ, ಅದು ಸೌದಳ ಕಾಲಿಗೆ ಬಿತ್ತು.

ಮೂವರೂ ಒಬ್ಬಳೇ ಎಂಬುದಕ್ಕೆ ನೀವು ಕೊಟ್ಟ ಮೊದಲ ಸಾಕ್ಷಿ ಅಂಚೆಪೆಟ್ಟಿಗೆಯ ನಂಬರು. ಮೂವರದೂ ಒಂದೇ ವಿಳಾಸ ಎಂದಿರಿ. ಹೌದು, ಒಂದೇ. ಒಮಾನಿನಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ಕರೆಯುವುದಿಲ್ಲ. ಅಂಚೆ ಕಚೇರಿಯ ಗೋಡೆಯಲ್ಲಿರುವ ಕಂಪನಿಯ ಪೆಟ್ಟಿಗೆಯೇ ಕೆಲಸಗಾರರೆಲ್ಲರ ವಿಳಾಸ. ನಮ್ಮ ಫ್ಯಾಕ್ಟರಿಯವರ ಮದುವೆ ಕಾಗದ, ಎಲ್‌ಐಸಿ ನೋಟಿಸು, ಊರಿನ ಭಜನಾ ಮಂದಿರದ ವಂತಿಗೆ ರಶೀದಿ, ಎಲ್ಲ ಅದೊಂದೇ ಅಂಗೈಯಗಲದ ಬಾಗಿಲಿನಿಂದ ಬರುತ್ತವೆ. ಅದರ ಬೀಗದಕೈ ನನ್ನ ಹತ್ತಿರ. ದಿನಾ ಹತ್ತೂವರೆಗೆ ಹೋಗಿ ತೆರೆಯುವವನು ನಾನು. ಹೆಂಗಸರ ಪೊಟ್ಟಣಗಳನ್ನು ಕೌಂಟರಿಗೆ ಕೊಟ್ಟು ಬರುವವನೂ ನಾನೇ. ಫೋನ್ ನಂಬರ್ ಕೇಳಿದಾಗಲೂ ಮೂರು ಫಾರ್ಮಿನಲ್ಲಿ ನನ್ನದೇ ಬರೆದೆ, ಯಾಕೆಂದರೆ ಅಂಚೆ ಕಚೇರಿಯಿಂದ ಕರೆ ಬಂದರೆ ಹೋಗಬೇಕಾದವನು ನಾನು. ಗಲ್ಫಿನಲ್ಲಿ ಇದು ರೂಢಿ. ನಂಬಿಕೆಯ ಒಬ್ಬನ ಪೆಟ್ಟಿಗೆ, ಒಬ್ಬನ ಫೋನು, ಹತ್ತು ಮನೆಯ ವ್ಯವಹಾರ. ನಿಮ್ಮಲ್ಲಿ ಇದಕ್ಕೆ ವಂಚನೆ ಎನ್ನುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಸಾಕ್ಷಿ ಇನ್ನೂ ಚೆಂದ. ಮೂವರ ತೆರಿಗೆ ಗುರುತಿನ ಸಂಖ್ಯೆಯೂ ಒಂದೇ ಎಂದಿರಿ. ಈ ದೇಶದಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ. ವ್ಯಾಟ್ ಬರುತ್ತದೆ, ಬರುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ, ಇನ್ನೂ ಬಂದಿಲ್ಲ. ಹಾಗಿರುವಾಗ ಮನೆಯಲ್ಲಿ ಟೊಪ್ಪಿ ಹೆಣೆಯುವವಳಿಗೆ ತೆರಿಗೆ ಸಂಖ್ಯೆ ಎಲ್ಲಿಂದ ತರುವುದು? ಆ ಕಾಲಂ ಖಾಲಿ ಬಿಟ್ಟರೆ ನಿಮ್ಮ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಸಹಾಯದ ಕಿಟಕಿಯಲ್ಲಿ ಬರೆದು ಕೇಳಿದೆ. ‘ನಿಮ್ಮ ದೇಶದಲ್ಲಿ ಚಾಲ್ತಿಯಲ್ಲಿರುವ ಯಾವುದಾದರೂ ನೋಂದಣಿ ಸಂಖ್ಯೆ ಹಾಕಿ’ ಎಂದು ಅಪ್ಪಣೆಯಾಯಿತು. ನನ್ನ ಕೈಯಲ್ಲಿದ್ದ ನಂಬರು ಅಂಚೆಪೆಟ್ಟಿಗೆಯದು. ಮೂರಕ್ಕೂ ಅದನ್ನೇ ಹಾಕಿದೆ. ಫಾರ್ಮ್ ಸಂತೋಷದಿಂದ ಮುಂದಕ್ಕೆ ಹೋಯಿತು. ಎರಡು ವರ್ಷ ಯಾರೂ ಚಕಾರ ಎತ್ತಲಿಲ್ಲ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ನೀವು. ಈಗ ಹಾಲು ಎಲ್ಲಿ ಎಂದು ಕೇಳುತ್ತಿದ್ದೀರಿ.

ಮೂವರ ಹಣ ಮಾತ್ರ ಮೂರು ಹೆಸರಿನ ಮೂರು ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಮೂರು ಪಾಸ್‌ಪೋರ್ಟಿನ ಪ್ರತಿ, ಮೂರು ಮುಖದ ಫೋಟೋ ನಿಮ್ಮ ಹತ್ತಿರ ಉಂಟು. ಮೂರು ಮೂಗಿದ್ದದ್ದು ನಿಮ್ಮ ಯಂತ್ರದ ಕಣ್ಣಿಗೆ ಬೀಳಲಿಲ್ಲ, ಒಂದು ಪೆಟ್ಟಿಗೆ ಬಿತ್ತು.

ಈ ಅಂಗಡಿಗಳು ಹೊತ್ತು ಕಳೆಯಲು ಇಟ್ಟವಲ್ಲ ಎಂಬುದನ್ನೂ ಹೇಳಬೇಕು. ಎಣ್ಣೆಯ ಬೆಲೆ ಬಿದ್ದ ಮೇಲೆ ಇಲ್ಲಿ ಪೈಪ್ ಕೊಳ್ಳುವವರು ಕಡಿಮೆಯಾದರು. ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಊರಿಗೆ ಹೋಗುವ ಟಿಕೆಟ್ ಹೋಯಿತು, ಆಮೇಲೆ ಮನೆ ಬಾಡಿಗೆಯ ಭತ್ಯೆ. ಎರಡು ವರ್ಷದ ಹಿಂದೆ ಉಮ್ಮರನನ್ನು ಇಲ್ಲಿಂದ ಬಹುದೂರದ ಇಬ್ರಿಯ ಗೋದಾಮಿಗೆ ಹಾಕಿದರು, ಸಂಬಳದಲ್ಲಿ ಮೂರನೇ ಒಂದು ಪಾಲು ಕತ್ತರಿಸಿದರು. ಅವನು ಅಲ್ಲಿ ಐದು ಜನರ ಜೊತೆ ಒಂದು ರೂಮಿನಲ್ಲಿ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಇಲ್ಲಿ. ವಾರದ ರಜೆಗೆ ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದ. ನಮ್ಮ ಕಟ್ಟಡದಲ್ಲಿ ಆ ಎರಡು ವರ್ಷದಲ್ಲಿ ಏಳು ಸಂಸಾರ ಮಂಚ, ಫ್ರಿಜ್ ಮಾರಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವು. ಎಂಟನೆಯದು ಆಗಬಾರದೆಂದೇ ಸೌದ ಟೊಪ್ಪಿ ಹೆಣೆಯತೊಡಗಿದ್ದು. ಅವಳ ಟೊಪ್ಪಿಯಿಂದ ಬಾಡಿಗೆಯ ಕೊರತೆ ತುಂಬುತ್ತಿತ್ತು, ಮಕ್ಕಳು ವಾರಕ್ಕೆ ಎರಡು ದಿನವಾದರೂ ಅಪ್ಪನ ಮುಖ ನೋಡುತ್ತಿದ್ದರು. ನಿಮ್ಮ ಲೆಕ್ಕದ ಎಪ್ಪತ್ತೊಂದು ಪೊಟ್ಟಣ ಎಂದರೆ ಇದು.

ಫೆಬ್ರವರಿಯಲ್ಲಿ ನಿಮ್ಮ ಪತ್ರ ಬಂತು. ಮೂರು ಅಂಗಡಿಯೂ ಒಬ್ಬರದೇ ಎಂದು ಅನುಮಾನವಿದೆ, ಏಳು ದಿನದೊಳಗೆ ಒಂದನ್ನು ‘ಪ್ರಧಾನ ಖಾತೆ’ ಎಂದು ಆರಿಸಿ, ಅದನ್ನು ಉಳಿಸಿಕೊಂಡು ಮಿಕ್ಕ ಎರಡನ್ನು ಮುಚ್ಚುತ್ತೇವೆ ಎಂದಿತ್ತು. ಮೂವರೂ ಬೇರೆ ಬೇರೆ ಎಂದು ಹೇಳಲು ಅದರಲ್ಲಿ ಒಂದು ಖಾನೆಯೂ ಇರಲಿಲ್ಲ. ಗಮನಿಸಿ, ಒಂದು ಖಾನೆಯೂ. ಕಳ್ಳನಿಗೂ ನ್ಯಾಯಾಲಯದಲ್ಲಿ ‘ನಾನಲ್ಲ’ ಎನ್ನಲು ಬಿಡುತ್ತಾರೆ.

ಶುಕ್ರವಾರ ಊಟವಾದ ಮೇಲೆ ಮೂವರೂ ನಮ್ಮ ಮನೆಯಲ್ಲಿ ಸೇರಿದರು. ಆ ವಾರ ಉಮ್ಮರನಿಗೆ ರಜೆ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪಿನ ಎದುರು ನಾನು ಕೂತಿದ್ದೆ. ಯಾರ ಅಂಗಡಿ ಉಳಿಸುವುದು ಎಂದು ಕೇಳಿದೆ.

“ನಂದು ಬಿಟ್ಬಿಡಿ ಕೊರಗಪ್ಪನವರೇ,” ಅಂದರು ನೀರಜಾ. “ಕಿಶೋರ್‌ಗೆ ಹೇಗೋ ಸಂಬಳ ಬರ್ತಾ ಇದೆ. ‘ನಿಂದು ಟೈಮ್‌ಪಾಸು’ ಅಂತಾನೇ ಅವರು ಹೇಳೋದು.” ನಗುತ್ತಲೇ ಹೇಳಿದರು, ಆದರೆ ತೋರಣಕ್ಕೆಂದು ತಂದಿದ್ದ ಮಣಿಯ ಡಬ್ಬಿಯನ್ನು ಮಡಿಲಿನಿಂದ ಕೆಳಗಿಡಲಿಲ್ಲ.

“ಸೌದನದ್ದು ಇರ್ಲಿ,” ಅಂದಳು ಮೋಹಿನಿ.

“ಬೇಡ ಮೋಹಿನಕ್ಕ. ನಿಮ್ಮ ಅಂಗಡಿ ದೊಡ್ಡದು, ನಿಮ್ಮದೇ ಇರ್ಲಿ. ನಾನು ಬೇರೆ ಎಂತಾದ್ರೂ ನೋಡ್ತೇನೆ.”

“ದೊಡ್ಡದೆಂತದು, ದೇವರ ಅಂಗಿ ಒಂದು ಗೇಣು ಇಲ್ಲ. ಗಂಡ ಇಬ್ರಿಯಲ್ಲಿ ಇರುವಾಗ ನೀನು ಬೇರೆ ಎಂತ ನೋಡ್ಲಿಕ್ಕೆ ಹೋಗ್ತಿ? ಸುಮ್ಮನೆ ಕೂತ್ಕೊ.” ನನ್ನ ಕಡೆ ತಿರುಗಿ, “ಇವರೇ, ನೀವು ಒತ್ತಿ,” ಅಂದಳು.

ಸುಳ್ಳು ಹೇಳುವುದಿಲ್ಲ ಸ್ವಾಮಿ, ನನಗೆ ಸಂಕಟವಾಯಿತು. ನಮ್ಮ ಮಗಳು ದೀಕ್ಷಿತಾಳ ಫೀಸು ಮೋಹಿನಿಯ ಅಂಗಡಿಯಿಂದ ಹೋಗುತ್ತಿತ್ತು. ನನ್ನ ಮನಸ್ಸಿನಲ್ಲಿದ್ದದ್ದು ನನ್ನ ಹೆಂಡತಿಯ ಹೆಸರೇ. ಆದರೆ ಅವಳು ಹಾಗೆ ಹೇಳಿದ ಮೇಲೆ ನಾನು ಸಣ್ಣವನಾಗಲು ಮನಸ್ಸು ಬರಲಿಲ್ಲ. ಸೌದಳ ಹೆಸರಿನ ಎದುರು ಟಿಕ್ ಹಾಕಲು ಹೋದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಮೂರೂ ಖಾತೆಗಳು ಪ್ರಧಾನ ಖಾತೆದಾರರ ಒಡೆತನದಲ್ಲಿದ್ದವು ಎಂದು ದೃಢೀಕರಿಸುತ್ತೇನೆ, ಅಂತ.

ದೀಕ್ಷಿತಾ ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದಳು. “ಪಪ್ಪಾ, ವೇಯ್ಟ್. ‘ಓನರ್’ ಅಂತ ಉಂಟು ಅಲ್ಲಿ. ಸೌದ ಆಂಟಿ ಎಲ್ಲದಕ್ಕೂ ಓನರ್ ಅಲ್ವಲ್ಲ?”

“ಅದೆಲ್ಲ ಫಾರ್ಮಾಲಿಟಿ,” ಅಂದೆ. ಹತ್ತನೆಯ ತರಗತಿಯ ಹುಡುಗಿಗೆ ಇದ್ದ ಬುದ್ಧಿ ಬಿ.ಕಾಂ. ಆದವನಿಗೆ ಇರಲಿಲ್ಲ.

ಯಾಕಿರಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಗಲ್ಫಿಗೆ ಬಂದವನು ಮೊದಲು ಕಲಿಯುವ ವಿದ್ಯೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದು. ಕೆಲಸದ ಕರಾರು ಅರಬಿಯಲ್ಲಿ, ಮನೆಯ ಬಾಡಿಗೆ ಪತ್ರ ಅರಬಿಯಲ್ಲಿ, ಆಸ್ಪತ್ರೆಯ ಒಪ್ಪಿಗೆ ಅರಬಿಯಲ್ಲಿ. ಟೈಪಿಂಗ್ ಸೆಂಟರಿನವನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಮಾಡಿ “ಖಲಾಸ್?” ಎಂದು ಕೇಳುತ್ತೇವೆ, ಅವನು “ಖಲಾಸ್” ಎನ್ನುತ್ತಾನೆ, ಮನೆಗೆ ಬರುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ಅದರಿಂದ ನನಗೆ ಒಂದು ರಿಯಾಲಿನ ಕೇಡೂ ಆಗಲಿಲ್ಲ, ಯಾಕೆಂದರೆ ಕಾಗದದ ಆ ಬದಿಯಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ತಪ್ಪಾದರೆ ಹೋಗಿ ಅವನ ಮೇಜಿನ ಎದುರು ನಿಲ್ಲಬಹುದಿತ್ತು. ನಿಮ್ಮ ಸಾಲು ಅರಬಿಯಲ್ಲಿರಲಿಲ್ಲ, ನನಗೆ ಬರುವ ಇಂಗ್ಲಿಷಿನಲ್ಲೇ ಇತ್ತು. ಓದಿದೆ, ಓದಿಯೂ ಅಭ್ಯಾಸಬಲದಿಂದ ಒತ್ತಿದೆ. ಇದು ನನ್ನ ತಪ್ಪು. ನಿಮ್ಮನ್ನು ಬೈಯುವ ಉತ್ಸಾಹದಲ್ಲಿ ಇದನ್ನು ಮರೆಮಾಚಿದರೆ ನನಗೂ ನಿಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಮರುದಿನವೇ ನಿಮ್ಮ ಉತ್ತರ ಸೌದಳಿಗೆ ಬಂತು. ‘ದೃಢೀಕರಿಸಿದ್ದಕ್ಕೆ ಧನ್ಯವಾದ. ತೆರಿಗೆಯ ಮಿತಿ ತಪ್ಪಿಸಲು ಮೂರು ಖಾತೆ ಬಳಸಿದ್ದನ್ನು ನೀವು ಒಪ್ಪಿಕೊಂಡಿರುವುದರಿಂದ ನಿಮ್ಮ ಎಲ್ಲ ಖಾತೆಗಳನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಬಾಕಿ ಹಣವನ್ನು ತೆರಿಗೆಯ ಸಲುವಾಗಿ ತಡೆಹಿಡಿಯಲಾಗಿದೆ. ಈ ತೀರ್ಮಾನ ಅಂತಿಮ.’ ಒಂದನ್ನು ಉಳಿಸುತ್ತೇವೆ ಎಂದು ಬರೆದವರು ನೀವೇ. ಆರಿಸಿದರೆ ಅದನ್ನೇ ‘ತಪ್ಪೊಪ್ಪಿಗೆ’ ಎಂದು ಹಿಡಿದವರೂ ನೀವೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಹಗ್ಗ ಕೊಟ್ಟವನು ನಾನು, ಕೈ ಮಾತ್ರ ಸೌದಳದ್ದು. ಈ ಫಾರ್ಮ್ ಮಾಡಿದ ನಿಮ್ಮ ಸಿಬ್ಬಂದಿಗೆ ಈ ವರ್ಷ ಬಡ್ತಿ ಸಿಕ್ಕಿರಬೇಕು. ಒಂದು ಟಿಕ್ಕಿನಲ್ಲಿ ಮೂರು ಅಂಗಡಿ ಮುಚ್ಚಿಸುವುದು ಸಣ್ಣ ಚಾತುರ್ಯವಲ್ಲ.

ಸೌದ ಫೋನ್ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. “ನಾನು ಯಾವಾಗ ಒಪ್ಪಿಕೊಂಡದ್ದು ಕೊರಗಪ್ಪಣ್ಣ?” ಎಂದು ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಮೋಹಿನಿ ಅವಳ ಕೈ ಹಿಡಿದುಕೊಂಡು ಅತ್ತಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ, ನಾಚಿಕೆಯಿಂದ.

ಗುರುವಾರ ಇಬ್ರಿಯಿಂದ ಬಂದ ಉಮ್ಮರ್ ಎಲ್ಲವನ್ನೂ ಕೇಳಿ ಒಂದು ಮಾತೂ ಬೈಯಲಿಲ್ಲ. “ನೀವು ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದಲ್ವಾ ಕೊರಗಪ್ಪಣ್ಣ,” ಅಂದ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆಮೇಲೆ ನಾನು ನಿಮಗೆ ಬರೆದ ಒಂಬತ್ತು ಪತ್ರದ ಕಥೆ ಮೇಲೆ ಹೇಳಿದ್ದೇನೆ. ಟಿಕ್ ಹಾಕಿದವನು ನಾನು, ಖಾತೆದಾರಳಲ್ಲ ಎಂದು ಬರೆದರೆ, ‘ಖಾತೆದಾರರಲ್ಲದವರೊಂದಿಗೆ ನಾವು ವಿವರ ಚರ್ಚಿಸುವುದಿಲ್ಲ’ ಎಂದಿರಿ. ಖಾತೆದಾರಳಿಂದಲೇ ಬರೆಸಿದರೆ, ‘ನಿಮ್ಮ ಖಾತೆ ಮುಚ್ಚಿರುವುದರಿಂದ ಮನವಿ ಸಲ್ಲಿಸಲಾಗದು’ ಎಂದಿರಿ. ಬಾಗಿಲು ಮುಚ್ಚಿದೆ ಎಂದು ಹೇಳಬೇಕಾದರೆ ಒಳಗೆ ಬಂದು ಹೇಳಿ ಎನ್ನುವ ಕಚೇರಿಯನ್ನು ನಾನು ನನ್ನ ಕಾಗದಪತ್ರದ ಕೆಲಸದಲ್ಲಿ ಎಲ್ಲಿಯೂ ನೋಡಿಲ್ಲ. ನಮ್ಮ ಊರಿನ ತಾಲೂಕು ಕಚೇರಿಯನ್ನು ಇಷ್ಟು ವರ್ಷ ಬೈದದ್ದಕ್ಕೆ ಈ ಮೂಲಕ ಕ್ಷಮೆ ಕೇಳುತ್ತೇನೆ. ಅಲ್ಲಿ ಕೊನೇಪಕ್ಷ “ನಾಳೆ ಬನ್ನಿ” ಎನ್ನುವ ಒಂದು ಬಾಯಾದರೂ ಇದೆ.

ಮಾರ್ಚ್ ಕೊನೆಯಲ್ಲಿ, ಮಕ್ಕಳ ಪರೀಕ್ಷೆ ಮುಗಿದ ವಾರ, ಎಂಟನೆಯ ಸಂಸಾರವೂ ಊರಿಗೆ ಹೋಯಿತು. ಸೌದಳ ಸಣ್ಣ ಮಗಳು ವಿಮಾನ ನಿಲ್ದಾಣದಲ್ಲಿ ಅಪ್ಪನ ಕಾಲು ಬಿಡಲಿಲ್ಲ. ಉಮ್ಮರ್ ಈಗ ಗುರುವಾರ ಮಸ್ಕತ್ತಿಗೆ ಬರುವುದಿಲ್ಲ. ಬಂದು ಯಾರನ್ನು ನೋಡಲಿ?

ಇಲ್ಲಿಗೆ ಮುಗಿದಿದ್ದರೆ ಎಣ್ಣೆಯ ಬೆಲೆಯನ್ನು ಬೈದುಕೊಂಡು ಸುಮ್ಮನಿರುತ್ತಿದ್ದೆ. ಊರಿಗೆ ಹೋಗುವವರು ನಮ್ಮಲ್ಲಿ ಇವಳೇ ಮೊದಲಲ್ಲ. ಆದರೆ ಸೌದ ಕೈಕಟ್ಟಿ ಕೂರುವವಳಲ್ಲ. ಉಪ್ಪಿನಂಗಡಿಯಲ್ಲಿ ಅವಳ ಅಣ್ಣ ಮಮ್ಮದನಿಗೆ ದಿನಸಿ ಅಂಗಡಿ ಉಂಟು. ಅಣ್ಣನ ಅಂಗಡಿಯ ವಿಳಾಸ, ಅಣ್ಣನ ಇಮೇಲ್ ಕೊಟ್ಟು ನಿಮ್ಮಲ್ಲೇ ಹೊಸದಾಗಿ ಅಂಗಡಿ ತೆರೆಯಲು ಅರ್ಜಿ ಹಾಕಿದಳು. ಈ ಸಲ ಭಾರತದ ವಿಳಾಸ, ಭಾರತದ ತೆರಿಗೆ ಸಂಖ್ಯೆ, ಎಲ್ಲವೂ ಸರಿಯಾಗಿ. ನಿಮ್ಮ ಯಂತ್ರ ಪಾಸ್‌ಪೋರ್ಟ್ ನಂಬರ್ ನೋಡಿತು. ‘ತೆರಿಗೆ ವಂಚನೆಯನ್ನು ಒಪ್ಪಿಕೊಂಡ ವ್ಯಕ್ತಿಗೆ ಅವಕಾಶವಿಲ್ಲ’ ಎಂಬ ಉತ್ತರ ಮಮ್ಮದನಿಗೆ ಹೋಯಿತು. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಂಗಡಿಗೆ ಸಾಮಾನಿಗೆ ಬಂದವರೊಬ್ಬರಿಂದ ಓದಿಸಿದ. ನಾಲ್ಕು ಜನ ಗಿರಾಕಿಗಳ ಎದುರಿಗೆ ಅವರು ಗಟ್ಟಿಯಾಗಿ ಓದಿ, ಅರ್ಥವನ್ನೂ ಹೇಳಿದರು.

ಮೊನ್ನೆ ಸೌದ ಮೋಹಿನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು.

“ಅಣ್ಣ ಕೇಳ್ತಾನೆ ಮೋಹಿನಕ್ಕ, ಗಲ್ಫಿನಲ್ಲಿ ಎಂತ ಕಳ್ಳತನ ಮಾಡಿ ಬಂದದ್ದು ನೀನು ಅಂತ. ಗಂಡ ಯಾಕೆ ನಿನ್ನನ್ನು ಕಳಿಸಿದ್ದು ಅಂತ. ನಾನು ಹೇಳಿದ್ರೆ ನಂಬೂದಿಲ್ಲ. ಕಂಪನಿಯವರು ಸುಮ್ಮನೆ ಬರೀತಾರಾ ಅಂತಾನೆ.”

ಮೋಹಿನಿ ನನ್ನ ಮುಖ ನೋಡಿದಳು. ನಾನು ಮಾತಾಡಲಾ ಎಂದು ಕೈಸನ್ನೆ ಮಾಡಿದೆ. ಅವಳು “ಇವರು ಇಲ್ಲೇ ಇದ್ದಾರೆ, ಕೊಡ್ಲಾ?” ಎಂದು ಕೇಳಿದಳು.

“ಬೇಡ ಮೋಹಿನಕ್ಕ, ಆಮೇಲೆ ಮಾಡ್ತೇನೆ,” ಅಂದಳು ಸೌದ.

ಕಂಪನಿಯವರು ಸುಮ್ಮನೆ ಬರೆಯುತ್ತಾರಾ? ಮುಖ್ಯಸ್ಥರೇ, ಮಮ್ಮದನ ಈ ನಂಬಿಕೆಗೆ ಏನು ಹೇಳುತ್ತೀರಿ? ಒಡಹುಟ್ಟಿದ ತಂಗಿಯ ಮಾತಿಗಿಂತ, ಎಂದೂ ಮುಖ ನೋಡದ ನಿಮ್ಮ ಮಾತನ್ನು ಅವನು ನಂಬಿದ. ಯಾಕೆಂದರೆ ದೊಡ್ಡವರು, ಇಂಗ್ಲಿಷಿನವರು, ಯೋಚಿಸಿಯೇ ಬರೆದಿರುತ್ತಾರೆ ಎಂದು ಅವನ ಎಣಿಕೆ. ಆ ಸಾಲನ್ನು ಯಾರೂ ಯೋಚಿಸಿ ಬರೆದದ್ದಲ್ಲ, ಅದನ್ನು ಬರೆಯುವಾಗ ಒಬ್ಬ ಮನುಷ್ಯನ ಕಣ್ಣೂ ತೆರೆದಿರಲಿಲ್ಲ ಎಂದು ನಿಮಗೆ ಗೊತ್ತು, ನನಗೆ ಗೊತ್ತು. ಅವನಿಗೆ ಹೇಳುವವರು ಯಾರು?

ಆದ್ದರಿಂದ ನನ್ನ ಬೇಡಿಕೆ. ಮೋಹಿನಿಯ ಅಂಗಡಿ ತೆರೆಯಿರಿ ಎಂದು ಕೇಳುತ್ತಿಲ್ಲ, ನೀರಜಾ ಅವರದೂ ಬೇಡವಂತೆ. ಅವರು ತಮ್ಮ ತೋರಣಗಳನ್ನು ದೇವಸ್ಥಾನಕ್ಕೆ ಬರುವವರಿಗೇ ಕೊಡುತ್ತಾರೆ. ತಡೆಹಿಡಿದ ಹಣದಲ್ಲಿ ಆ ರಾಜ್ಯಕ್ಕೆ ಸಲ್ಲಬೇಕಾದ ತೆರಿಗೆ ಏನಾದರೂ ಇದ್ದರೆ ಮುರಿದುಕೊಳ್ಳಿ. ನಮಗೆ ಲೆಕ್ಕ ಬೇಡ. ಯಾರನ್ನಾದರೂ ಶಾಶ್ವತವಾಗಿ ಹೊರಗಿಡದೆ ನಿಮ್ಮ ಕಡತಕ್ಕೆ ನಿದ್ದೆ ಬಾರದು ಎಂದಾದರೆ ನನ್ನ ಪಾಸ್‌ಪೋರ್ಟ್ ನಂಬರ್ ಕಳಿಸುತ್ತೇನೆ, ಅದರ ಎದುರು ಏನು ಬೇಕಾದರೂ ಬರೆಯಿರಿ. ಫಾರ್ಮ್ ತುಂಬಿದವನು ನಾನು, ನಂಬರ್ ಹಾಕಿದವನು ನಾನು, ಮಗಳು ತಡೆದರೂ ಒತ್ತಿದವನು ನಾನು. ಸೌದಳ ಹೆಸರಿನ ಎದುರಿನ ಆ ಎರಡು ಪದವನ್ನು ಮಾತ್ರ ಅಳಿಸಿ.

ಅಳಿಸಿದ ಮೇಲೆ ಒಂದು ಪತ್ರ ಬರೆಯಬೇಕು. ನನಗಲ್ಲ, ಸೌದಳಿಗೂ ಅಲ್ಲ, ಉಪ್ಪಿನಂಗಡಿಯ ದಿನಸಿ ಅಂಗಡಿಯ ಮಮ್ಮದನಿಗೆ. ಯಂತ್ರ ಬರೆಯಬಾರದು, ನೀವು ಬರೆಯಬೇಕು, ಕೆಳಗೆ ನಿಮ್ಮ ಕೈಯಿಂದ ಸಹಿ ಇರಬೇಕು. ಇಂಗ್ಲಿಷಿನಲ್ಲಿ ಬೇಡ, ಅವನು ಮತ್ತೆ ಯಾರದೋ ಬಾಯಿಂದ ಓದಿಸುವುದು ಬೇಡ. ಕನ್ನಡದಲ್ಲಿ ಏನು ಬರೆಯಬೇಕೆಂದು ನಾನೇ ಹೇಳಿಕೊಡುತ್ತೇನೆ, ಹಾಗೆಯೇ ಇಳಿಸಿಕೊಳ್ಳಿ: “ಮಮ್ಮದರೇ, ನಿಮ್ಮ ತಂಗಿ ಯಾವ ತಪ್ಪನ್ನೂ ಮಾಡಿಲ್ಲ, ಯಾವುದನ್ನೂ ಒಪ್ಪಿಕೊಂಡಿಲ್ಲ. ಅವಳ ಹೆಸರಿನಲ್ಲಿ ಟಿಕ್ ಹಾಕಿದ್ದು ಕೊರಗಪ್ಪ. ಹಾಕಿಸಿದ್ದು ನಾವು.”

ಇಂತಿ,
ಇನ್ನು ಯಾರ ಫಾರ್ಮನ್ನೂ ತುಂಬಿಸಿ ಕೊಡದ,
ಕೊರಗಪ್ಪ